ಶ್ರೀರಂಗಮ್ಮನವರ ಎಲೆ

ಬಸ್ಸು ಹೊಳೆನರಸೀಪುರದ ತೆಂಗಿನ ತೋಟಗಳನ್ನು ಹಿಂದೆ ಬಿಟ್ಟು ಅರಕಲಗೂಡಿನ ರಸ್ತೆಗೆ ಬಿದ್ದಾಗಲೂ ಚಲುವನಾರಾಯಣ ಎಡಗೈಯನ್ನು ಹೊಟ್ಟೆಯ ಮೇಲಿಂದ ತೆಗೆದಿರಲಿಲ್ಲ. ಹೊದ್ದ ಶಲ್ಯದ ಒಳಗೆ ಎದೆಗೂಡಿನಿಂದ ಹೊಕ್ಕುಳದವರೆಗೆ ಇಳಿದ ಹೊಲಿಗೆಯ ಗೀಟು, ಬಸ್ಸು ಕುಲುಕಿದಾಗಲೆಲ್ಲ ತಾನಿದ್ದೇನೆ ಎಂದು ಹೇಳುತ್ತಿತ್ತು. ನೋವಲ್ಲ ಅದು. ನೋವಾಗಿದ್ದರೆ ಎಷ್ಟೋ ವರ್ಷದ ಪರಿಚಯ, ಹೆದರಿಕೆ ಇರುತ್ತಿರಲಿಲ್ಲ. ಇದು ಬೇರೆಯವರ ಮನೆಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಪ್ರಯಾಣ ಹೊರಟಂಥ ಭಯ. ಯಾವಾಗ ಅಳುತ್ತದೋ, ಯಾವಾಗ ಕಕ್ಕುತ್ತದೋ. ಮೈಸೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ಹುಣ್ಣು ಹಿಡಿದ ಅವನ ಹೊಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕರುಳಿಗೆ ಹೊಲಿದು, ಮನೆಗೆ ಕಳಿಸುವಾಗ ನಗುನಗುತ್ತಲೇ ಹೇಳಿದ್ದರು: “ನಿಮ್ಮ ಹೊಟ್ಟೆ ಈಗ ಹಾಲುಗೂಸಿನ ಹೊಟ್ಟೆ ಕಣ್ರೀ. ಕೂಸಿಗೆ ಉಣಿಸೋ ಹಾಗೆ ಉಣಿಸಿ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಸಿಹಿ ಮಾತ್ರ ಹತ್ತಿರ ಸೇರಿಸಬೇಡಿ, ಬೆವರು ಕಿತ್ತುಕೊಂಡು ಬಂದು ತಲೆ ತಿರುಗುತ್ತೆ. ಮೈಯಲ್ಲಿ ಶಕ್ತಿ ಬಂದ ಮೇಲೆ ಕೆಲಸಕ್ಕೆ ಹೋಗಿ. ಏನು ಕೆಲಸ ನಿಮ್ಮದು?” ಊಟ ಮಾಡೋದು ಸ್ವಾಮಿ, ಎಂದು ಹೇಳುವುದು ಹೇಗೆ?

ಊಟವೇ ಅವನ ಕೆಲಸ. ತಿಥಿಯ ಮನೆಗಳಲ್ಲಿ ಬ್ರಾಹ್ಮಣಾರ್ಥಕ್ಕೆ ಕೂರುವವನು ಅವನು. ಸತ್ತವರ ಸ್ಥಾನದಲ್ಲಿ ಎಲೆಯ ಮುಂದೆ ಕೂತು, ಅವರ ಹೆಸರಿನಲ್ಲಿ ಬಡಿಸಿದ್ದನ್ನು ಅವರ ಪರವಾಗಿ ಉಂಡು, ಕೊನೆಗೆ ಮಗನಾದವನು ತೃಪ್ತಿಯಾಯಿತೇ ಎಂದು ಕೇಳಿದಾಗ ಆಯಿತು ಎನ್ನಬೇಕಾದವನು. ಹಾಗೆ ಕೂರುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಆದರೆ ಚಲುವನಾರಾಯಣನ ಮಾತೇ ಬೇರೆ. ಅವನನ್ನು ಕೂರಿಸಿದರೆ ಪಿತೃಗಳು ತೇಗಿಕೊಂಡೇ ಹೋಗುತ್ತಾರೆ ಎಂದು ಚನ್ನರಾಯಪಟ್ಟಣದವರೆಗೂ ಹೆಸರಾಗಿತ್ತು. ಬಡಿಸುವವರ ಕೈ ಸೋಲಬೇಕೇ ಹೊರತು ಅವನ ಎಲೆಯಲ್ಲಿ ಅಗುಳು ಉಳಿಯುತ್ತಿರಲಿಲ್ಲ. ಅಂಥವನು ಆಪರೇಶನ್ ಆದ ಮೇಲೆ ಇವತ್ತೇ ಮೊದಲು ಎಲೆಗೆ ಕೂರಲು ಹೊರಟಿದ್ದ, ಅರಕಲಗೂಡಿನ ಹೈಸ್ಕೂಲು ಮೇಷ್ಟರು ಯೋಗಾನರಸಿಂಹನ ತಾಯಿಯ ತಿಥಿಗೆ. ಕಡಿಮೆ ಉಂಡರೆ ಮನೆಯವರ ಮುಖ ಸಣ್ಣದಾಗುತ್ತದೆ, ಆಗಲಿ. ಆದರೆ ಎಲೆಯ ಮುಂದೆ ಹೊಟ್ಟೆ ತಿರುಗಿ ಕಕ್ಕಿಬಿಟ್ಟರೆ? ಶ್ರಾದ್ಧವೇ ಕೆಟ್ಟಂತೆ. ಶಾಸ್ತ್ರ ಹಾಗೇ ಹೇಳುತ್ತದೆ. ಮಗ ಮತ್ತೆ ಮೊದಲಿಂದ ಎಲ್ಲ ಮಾಡಬೇಕು. ಮಗನ ಮನೆಗೆ ಉಣ್ಣಲು ಬಂದ ತಾಯಿ ಹಸಿದುಕೊಂಡೇ ವಾಪಸು ಹೋದಂತೆ. ಅಷ್ಟಾದ ಮೇಲೆ ಚಲುವನಾರಾಯಣನನ್ನು ಯಾವ ಮನೆಯವರು ತಾನೇ ಕರೆದಾರು? ಕರೆಯದಿದ್ದರೆ ಅವನಿಗೆ ಬೇರೆ ಯಾವ ವಿದ್ಯೆ ಬರುತ್ತದೆ?

“ಏನ್ ಸ್ವಾಮಿ, ಇಂಗ್ ಸೊರಗೋಗಿದ್ದೀರಿ!” ಕಂಡಕ್ಟರ್ ಟಿಕೀಟು ಹರಿಯುವುದನ್ನು ಬಿಟ್ಟು ಅವನನ್ನೇ ನೋಡುತ್ತಾ ನಿಂತ. “ಮೊದ್ಲು ನೀವ್ ಅತ್ತುದ್ರೆ ಬಸ್ಸೇ ಒಂದ್ ಕಡೆ ವಾಲೋದು ಕಣ್ ಸ್ವಾಮಿ. ಈಗ ಸೀಟ್ನಲ್ಲಿ ಇನ್ನೊಬ್ರುನ್ನ ಕೂರುಸ್ಬೌದು.” ಬಸ್ಸಿನಲ್ಲಿದ್ದವರು ನಕ್ಕರು. ಚಲುವನಾರಾಯಣನೂ ನಕ್ಕು, ಸುಮ್ಮನೆ ಒಂದಷ್ಟು ಸರಿದು ಕೂತ. ಹೌದಲ್ಲ, ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಾನೆ. ಆ ಜಾಗದಲ್ಲಿದ್ದವನು ಎಲ್ಲಿ ಹೋದ? ಹಳೆಯ ಮೈಗೆ ಅಭ್ಯಾಸವಾಗಿದ್ದ ಪಂಚೆ ಈಗ ನಿಲ್ಲುವುದಿಲ್ಲ. ಎದ್ದಾಗಲೆಲ್ಲ ಸೊಂಟ ಹಿಡಿದುಕೊಳ್ಳಬೇಕು. ಕಳೆದ ತಿಂಗಳು ನರಸಿಂಹಸ್ವಾಮಿ ದೇವಸ್ಥಾನದ ಜಗಲಿಯಲ್ಲಿ ಪುರೋಹಿತರ ನಡುವೆ ಅವನ ಹೊಟ್ಟೆಯದೇ ಚರ್ಚೆಯಾಗಿತ್ತು, ಅದೂ ಅವನ ಎದುರಿಗೇ. ಅಂಗಹೀನನನ್ನು ಶ್ರಾದ್ಧಕ್ಕೆ ಕೂರಿಸಬಾರದು ಎಂದು ಶಾಸ್ತ್ರವಿದೆಯಲ್ಲ, ಹೊಟ್ಟೆ ಕತ್ತರಿಸಿಕೊಂಡವನು ಅಂಗಹೀನ ಹೌದೋ ಅಲ್ಲವೋ? ಒಬ್ಬರು ಹೌದೆಂದರು. ಇನ್ನೊಬ್ಬರು ಹಾಗಾದರೆ ಹಲ್ಲು ಬಿದ್ದವರನ್ನೂ ಕೂರಿಸುವ ಹಾಗಿಲ್ಲ ಎಂದರು. ಕೊನೆಗೆ ರಂಗಸ್ವಾಮಿ ಜೋಯಿಸರು ನಶ್ಯ ಏರಿಸಿಕೊಂಡು, “ಕಣ್ಣಿಗೆ ಕಾಣೋದು ಅಂಗ ಕಣ್ರಯ್ಯಾ. ಒಳಗಿನದ್ದು ಅಂಗ ಅಲ್ಲ. ಇಲ್ಲದಿದ್ರೆ ಮೊದಲು ನಿಮ್ಮ ಮಿದುಳನ್ನ ತೆಗೆಸಿ ನೋಡಬೇಕಾಗುತ್ತೆ,” ಎಂದು ಬಾಯಿ ಮುಚ್ಚಿಸಿದ್ದರು. ಎಲ್ಲರೂ ನಗುವಾಗ ಅವನೂ ನಕ್ಕಿದ್ದ. ಮನೆಗೆ ಬಂದು ಬಚ್ಚಲಲ್ಲಿ ಶಲ್ಯ ತೆಗೆದು ಆ ಗೀಟನ್ನು ಬಹಳ ಹೊತ್ತು ನೋಡಿಕೊಂಡಿದ್ದ.

ತೀರ್ಪು ಕೊಟ್ಟ ಜೋಯಿಸರೇ ಆಮೇಲೆ ಬಂದ ತಿಥಿಗಳಿಗೆಲ್ಲ ಬೇರೆಯವರನ್ನು ಗೊತ್ತು ಮಾಡಿದರು. ಕೋಪ ಬರಲಿಲ್ಲ, ತಾನಾಗಿದ್ದರೂ ಹಾಗೇ ಮಾಡುತ್ತಿದ್ದೆನಲ್ಲ ಎನ್ನಿಸಿತು. ಯೋಗಾನರಸಿಂಹ ಮಾತ್ರ ತಾನೇ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ನಿಂತ. “ನಮ್ಮಮ್ಮನ ಜಾಗದಲ್ಲಿ ಇನ್ನೊಬ್ಬರನ್ನ ನೋಡೋಕೆ ನನ್ನ ಕೈಲಾಗಲ್ಲ, ಚಲುವನಾರಾಯಣಯ್ಯನವರೇ. ಹುಣ್ಣು ಹೋಯ್ತಲ್ಲ, ಇನ್ನೇನು, ಕಲ್ಲು ತಿಂದ್ರೂ ಅರಗುತ್ತೆ. ನೀವೇ ಬರಬೇಕು.” ಅವತ್ತೇ ಹೇಳಬೇಕಾಗಿತ್ತು. ಕಲ್ಲಿನ ಮಾತಿರಲಿ ಮೇಷ್ಟರೇ, ಎರಡು ತುತ್ತು ಪಾಯಸ ನನ್ನನ್ನು ಉರುಳಿಸುತ್ತದೆ ಎಂದು. ಹೇಳಲಿಲ್ಲ. ಕರೆದರಲ್ಲ, ಅದೇ ಸಾಕಾಗಿತ್ತು. ಕಣ್ಣು ತುಂಬಿ ಬಂದು ತಲೆಯಾಡಿಸಿಬಿಟ್ಟಿದ್ದ. ಹೆಂಡತಿ ಚೂಡಾಮಣಿ ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹಿಂದಿನ ಸಂಜೆ, ಮಾರನೆಯ ದಿನದ ಶ್ರಾದ್ಧಕ್ಕಾಗಿ ಅವನು ರಾತ್ರಿಯ ಊಟ ಬೇಡವೆಂದಾಗ ಗಂಜಿಯ ಲೋಟವನ್ನು ನೆಲಕ್ಕೆ ಕುಕ್ಕಿದಳು. “ಡಾಕ್ಟರು ಗಳಿಗೆಗೊಂದ್ಸಲ ಒಂದೊಂದು ತುತ್ತು ಅಂದ್ರು. ನೀವು ರಾತ್ರಿ ಇಲ್ಲ, ಬೆಳಿಗ್ಗೆ ಇಲ್ಲ, ನಾಳೆ ಹೊತ್ತು ಇಳಿದ ಮೇಲೆ ಬೆಟ್ಟದಷ್ಟು ಉಣ್ತೀನಿ ಅಂತೀರಿ. ಏನ್ರೀ, ನನ್ನ ತಾಳಿ ಮೇಲೆ ನಿಮಗ್ಯಾಕಿಷ್ಟು ಹಗೆ?” ಅಂದವಳೇ ಅತ್ತಳು. ಅತ್ತವಳೇ ಬೆಳಗಾಗುವುದರೊಳಗೆ ಮಡಿಪಂಚೆಯನ್ನು ಒಗೆದು ಒಣಗಿಸಿ, ಸಡಿಲವಾಗದ ಹಾಗೆ ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ನೂಲುದಾರವನ್ನು ಹೊಸೆದು ಇಟ್ಟಿದ್ದಳು. ಆ ದಾರ ಈಗ ಪಂಚೆಯ ಒಳಗೆ ಸೊಂಟ ಹಿಡಿದುಕೊಂಡಿತ್ತು.

ಅರಕಲಗೂಡಿನಲ್ಲಿ ಇಳಿದಾಗ ಕಣ್ಣು ಕತ್ತಲೆ ಬಂದು ಬಸ್ಸಿನ ಮಡ್‌ಗಾರ್ಡು ಹಿಡಿದುಕೊಂಡ. ಗಾಡಿಗಳಿಂದ ಹೊಗೆಸೊಪ್ಪಿನ ಘಾಟು ಬರುತ್ತಿತ್ತು. ಯೋಗಾನರಸಿಂಹನ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಎಣ್ಣೆಗೆ ಬಿದ್ದ ವಡೆಯ ವಾಸನೆ ಎದುರು ಬಂತು. ಬಾಯಲ್ಲಿ ನೀರು, ಹೊಟ್ಟೆಯಲ್ಲಿ ದಿಗಿಲು, ಎರಡೂ ಒಟ್ಟಿಗೆ. ಅಡುಗೆಮನೆಯ ಬಾಗಿಲಲ್ಲಿ ಯೋಗಾನರಸಿಂಹನ ಹೆಂಡತಿ ನಂಜಮ್ಮ ಮಡಿಸೀರೆಯಲ್ಲಿ, ಒದ್ದೆ ಕೂದಲ ತುದಿಗೆ ಗಂಟು ಹಾಕಿಕೊಂಡು, ಬೆಂಕಿಯ ಝಳಕ್ಕೆ ಕೆಂಪಾದ ಮುಖದಲ್ಲಿ ನಕ್ಕಳು. “ಬಂದ್ರಾ? ನೀವು ಬರ್ತೀರಿ ಅಂತ ಒಂದು ಪಾವು ಜಾಸ್ತೀನೇ ಇಟ್ಟಿದೀನಿ,” ಎಂದಳು. ಅಯ್ಯೋ ತಾಯಿ! ಹಿತ್ತಲಲ್ಲಿ ಸಗಣಿ ಸಾರಿಸಿದ ಮಂಡಲದ ಮೇಲೆ ಅವನನ್ನು ನಿಲ್ಲಿಸಿ ಯೋಗಾನರಸಿಂಹ ಕಾಲು ತೊಳೆದ. ಪ್ರತಿವರ್ಷ ತೊಳೆಯುವ ಕಾಲೇ; ಈ ಸಲ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡವನು ತಟಕ್ಕನೆ ತಲೆಯೆತ್ತಿದ. ಮೂಳೆ ಕೈಗೆ ಸಿಕ್ಕಿರಬೇಕು. ಇಷ್ಟು ಸಣ್ಣಗಾಗಿದ್ದೀರಾ ಎಂದು ಕಣ್ಣಲ್ಲೇ ಕೇಳಿದ. ಚಲುವನಾರಾಯಣ ಆಚೆ ನೋಡಿದ. ಸೇವೆಯ ಕೈ ಅದು, ಮಗನ ಕೈ. ಅದನ್ನು ಮೋಸಗೊಳಿಸಲು ಬಂದವನ ಹಾಗೆ ಅವನ ಅಂಗಾಲು ನಾಚಿತು.

ಎಲೆಗೆ ಕೂತರು. ಪೂರ್ವಕ್ಕೆ ಮುಖ ಮಾಡಿ ದೇವತೆಗಳ ಸ್ಥಾನದಲ್ಲಿ ಚನ್ನರಾಯಪಟ್ಟಣ ಕಡೆಯ ಹೊಸಬನೊಬ್ಬ, ದಷ್ಟಪುಷ್ಟ ಆಳು. ಉತ್ತರಕ್ಕೆ ಮುಖ ಮಾಡಿ ತಾಯಿ ಶ್ರೀರಂಗಮ್ಮನ ಸ್ಥಾನದಲ್ಲಿ ಚಲುವನಾರಾಯಣ. ಬದಿಯಲ್ಲಿ ಮಂತ್ರ ಹೇಳಿಸಲು ಮೊದಲ ಬಸ್ಸಿಗೇ ಬಂದಿದ್ದ ರಂಗಸ್ವಾಮಿ ಜೋಯಿಸರು. ಯೋಗಾನರಸಿಂಹ ಬಡಿಸಿದ; ಅನ್ನದ ಗುಡ್ಡೆ, ಅದರ ಪಕ್ಕ ಬಾಳೆಕಾಯಿ, ಹಾಗಲಕಾಯಿ, ವಡೆ, ಎಳ್ಳುಂಡೆ, ಅತಿರಸ, ಮೇಲೆ ತುಪ್ಪ. ಒಮ್ಮೆ ಆಪೋಶನದ ನೀರು ಕುಡಿದರೆ ಮುಗಿಯಿತು. ಅಲ್ಲಿಂದ ಏಳುವವರೆಗೆ ಮೌನ. ಸಾಕು ಎನ್ನುವ ಹಾಗಿಲ್ಲ, ಬೇಕು ಎನ್ನುವ ಹಾಗಿಲ್ಲ, ನನಗೆ ಹೀಗಾಗಿದೆ ಸ್ವಾಮಿ ಎಂದು ವಿವರಿಸುವ ಹಾಗಂತೂ ಇಲ್ಲ. ಕೈ ಅಡ್ಡ ಹಿಡಿದು ಬೇಡವೆನ್ನಬಹುದು. ಆದರೆ ಈ ಮನೆಯಲ್ಲಿ ಅವನ ಕೈ ಅಡ್ಡ ಬಂದದ್ದೇ ಇಲ್ಲ. ನೀರು ಕುಡಿದ. ಮೊದಲ ತುತ್ತನ್ನು ಗೋಲಿಯಷ್ಟು ಮಾಡಿ ಬಾಯಿಗಿಟ್ಟು ಅಗಿದ. ಅನ್ನ ನೀರಾಗುವವರೆಗೆ ಅಗಿಯಬೇಕು. ಹೀಗೆ ಅಗಿಯುತ್ತಾ ಹೋದರೆ ಅನ್ನಕ್ಕೆ ಸಿಹಿ ಇದೆ ಎಂದು ಆಸ್ಪತ್ರೆಯಿಂದ ಬಂದ ಮೇಲೆ ಗೊತ್ತಾದದ್ದು. ಅದಕ್ಕೆ ಮೊದಲು ನಾಲಗೆಗೆ ಪುರಸೊತ್ತೇ ಇರಲಿಲ್ಲ. ಪಕ್ಕದವನು ಸಾರಿಗೆ ಬಂದಿದ್ದ. ಇವನು ಇನ್ನೂ ಬಾಳೆಕಾಯಿಯ ಒಂದು ಹೋಳಿನಲ್ಲಿದ್ದ. ಜೋಯಿಸರು ಮಂತ್ರದ ನಡುವೆ ಗಂಟಲು ಸರಿಮಾಡಿಕೊಂಡರು. ಯೋಗಾನರಸಿಂಹ ಪಾಯಸದ ಪಾತ್ರೆ ಹಿಡಿದು ಬಂದು ಎದುರು ಬಗ್ಗಿ ನಿಂತ. ಅಮ್ಮನಿಗೆ ಪಾಯಸವೆಂದರೆ ಪ್ರಾಣ, ಎಂದು ಪ್ರತಿವರ್ಷ ಹೇಳುವವನು ಈ ವರ್ಷ ಹೇಳಲಿಲ್ಲ. ಸುಮ್ಮನೆ ಸೌಟು ಹಿಡಿದು ಕಾಯುತ್ತಿದ್ದ, ಆ ಮುಖದಲ್ಲಿ ಏನೋ ಬೇಡಿಕೆಯಿತ್ತು. ಕೈ ಅಡ್ಡ ಹಿಡಿಯಲು ಆಗಲಿಲ್ಲ. ಪಾಯಸ ಎಲೆಗೆ ಬಿತ್ತು. ಒಂದು ತುತ್ತು, ಕೂಸಿಗೆ ನೆಕ್ಕಿಸುವಷ್ಟು, ಎಂದುಕೊಂಡು ನಾಲಗೆಗಿಟ್ಟ. ಅಷ್ಟು ರುಚಿ! ಇನ್ನೊಂದು. ಆಮೇಲೆ ಮತ್ತೊಂದು.

ಮೊದಲು ಕಿವಿಯ ಹಿಂದೆ ತಣ್ಣಗಾಯಿತು. ಹಣೆಯಲ್ಲಿ ಬೆವರು ಒಡೆಯಿತು, ಎದೆ ಡವಗುಟ್ಟಿತು, ಎಲೆ ದೂರ ಸರಿದು ಹತ್ತಿರ ಬಂತು. ಬಂತು, ಬಂದೇಬಿಟ್ಟಿತು. ಗಂಟಲಿಗೆ ಉಪ್ಪುನೀರು ಏರಿತು. ಈಗ ಕಕ್ಕಿದರೆ ಎಲ್ಲ ಮುಗಿಯಿತು, ಶ್ರೀರಂಗಮ್ಮ ಎದ್ದು ಹೋಗುತ್ತಾಳೆ, ಸೌಟು ಹಿಡಿದ ಈ ಹುಡುಗ ಅಲ್ಲೇ ನಿಂತಿರುತ್ತಾನೆ. ಕಣ್ಣು ಮುಚ್ಚಿದ. ಕಣ್ಣೊಳಗೆ ಆಸ್ಪತ್ರೆಯ ವಾರ್ಡಿನ ಬಿಳಿ ಗೋಡೆ. ಮೂಗಿನಲ್ಲಿ ನಳಿಕೆ, ನಾಲಗೆ ಅಂಗುಳಕ್ಕೆ ಅಂಟಿಕೊಂಡಿದೆ, ಒಂದು ತೊಟ್ಟು ನೀರಿಗಾಗಿ ಜೀವ ಬಾಯಿಗೆ ಬಂದಿದೆ, ಚೂಡಾಮಣಿ ಔಷಧಿ ತರಲು ಹೋದವಳು ಬಂದಿಲ್ಲ. ಪಕ್ಕದ ಮಂಚದಲ್ಲಿ ಅವನ ಹಾಗೇ ಹೊಟ್ಟೆ ಕೊಯ್ಯಿಸಿಕೊಂಡು ಮಲಗಿದ್ದ ಮಂಚಯ್ಯ, ಚನ್ನರಾಯಪಟ್ಟಣ ಕಡೆಯ ಕೂಲಿಯವನು, ಊರಾಚೆಯ ಕೇರಿಯವನು. ಅವನ ಹೆಂಡತಿ ಸುಬ್ಬಮ್ಮ ಎದ್ದು ಬಂದು, ಒಂದು ಗಳಿಗೆ ಅನುಮಾನಿಸಿ, “ನಾನ್ ಕೊಟ್ರೆ ಆಯ್ತದಾ ಸ್ವಾಮಿ?” ಎಂದು ಕೇಳಿದ್ದಳು. ಆಯ್ತದೆ ಎಂದು ಹೇಳಲು ಬಾಯಿ ಇರಲಿಲ್ಲ, ಕಣ್ಣಲ್ಲೇ ಬೇಡಿದ್ದ. ಬಟ್ಟೆಯ ತುದಿಯನ್ನು ಅದ್ದಿ ತುಟಿಗೆ ಹಿಂಡಿ ಅವಳು ಹೇಳಿದ್ದಳು: “ನುಂಗ್ಬ್ಯಾಡಿ. ಡಾಕ್ಟ್ರು ಬೈತಾರೆ. ಅಂಗೇ ಬಾಯಾಗೆ ಮಡಿಕಳಿ. ಉಸ್ರು ನಿಧಾನಕ್ಕೆ ಬುಡಿ. ಓಯ್ತದೆ ಕಣ್ ಸ್ವಾಮಿ, ಎಲ್ಲಾ ಓಯ್ತದೆ.” ಊರಿಗೆ ಬಂದ ಮೇಲೆ ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಜಗಲಿಯ ಮೇಲೆ ಇನ್ನೊಂದು ಚರ್ಚೆ. ಈಗ ಮಡಿಯಲ್ಲಿ, ದರ್ಭೆಯ ಮೇಲೆ, ಒಬ್ಬ ತಾಯಿಯ ಸ್ಥಾನದಲ್ಲಿ ಕೂತು ಅವನು ಪಂಚಪಾತ್ರೆಯಿಂದ ಒಂದು ತೊಟ್ಟು ನೀರು ಬಾಯಿಗೆ ಹಾಕಿಕೊಂಡ. ನುಂಗಲಿಲ್ಲ. ಹಾಗೇ ಇಟ್ಟುಕೊಂಡ. ಉಸಿರನ್ನು ನಿಧಾನಕ್ಕೆ ಬಿಟ್ಟ. ಜೋಯಿಸರ ಮಂತ್ರ ದೂರದಿಂದ ಕೇಳಿಸುತ್ತಿತ್ತು. ಅದಕ್ಕಿಂತ ಹತ್ತಿರದಲ್ಲಿ ಆ ಹೆಂಗಸಿನ ದನಿ. ಎಷ್ಟು ಹೊತ್ತಾಯಿತೋ. ಬೆವರು ಆರಿತು. ಎದೆ ತನ್ನ ಜಾಗಕ್ಕೆ ಬಂತು. ಸುಬ್ಬಮ್ಮಾ, ನೀನು ನೂರು ಕಾಲ ಬಾಳು ತಾಯಿ, ಎಂದು ಮನಸ್ಸಿನಲ್ಲಿ ಅಂದುಕೊಂಡ. ಯಾವ ಮಂತ್ರವನ್ನೂ ಅವನು ಅಷ್ಟು ನಿಜವಾಗಿ ಹೇಳಿರಲಿಲ್ಲ.

ಕಣ್ಣು ಬಿಟ್ಟಾಗ ಪಕ್ಕದವನ ಎಲೆ ಖಾಲಿ. ತನ್ನ ಎಲೆಯಲ್ಲಿ ಗುಡ್ಡೆ ಹಾಗೇ ಇತ್ತು, ಒಂದು ಮೂಲೆ ಮಾತ್ರ ಇಲಿ ತಿಂದ ಹಾಗೆ ಕರಗಿತ್ತು. ಇನ್ನೆರಡು ತುತ್ತು ಮೊಸರನ್ನವನ್ನು ಮೆಲ್ಲಗೆ ತಿಂದು ಕೈ ನಿಲ್ಲಿಸಿದ. ಯೋಗಾನರಸಿಂಹನ ಮುಖ ಬಿಳುಚಿತ್ತು. ಜೋಯಿಸರು ಸನ್ನೆ ಮಾಡಿದ ಮೇಲೆ ಅವನು ಕೈಮುಗಿದು ಕೇಳಬೇಕಾದದ್ದನ್ನು ಕೇಳಿದ: “ತೃಪ್ತಾಃ ಸ್ಥ?” ಪಕ್ಕದವನು ತಕ್ಷಣ ಉತ್ತರ ಹೇಳಿದ. ಚಲುವನಾರಾಯಣನ ಬಾಯಿಗೆ ಬರಲಿಲ್ಲ. ಉಂಡ ಮನೆಗಳಲ್ಲೆಲ್ಲ ಯೋಚನೆಯಿಲ್ಲದೆ ಹೇಳಿದ ಮಾತು. ಆಗ ಹೊಟ್ಟೆ ತುಂಬಿ ತುಳುಕುತ್ತಿತ್ತು, ಆದರೆ ಒಳಗಿನ ಬೆಂಕಿ ಇನ್ನೂ ಹಾಕು, ಇನ್ನೂ ಹಾಕು ಎನ್ನುತ್ತಿತ್ತು. ಹಾಕಿದಷ್ಟು ಹೊತ್ತು ತಣ್ಣಗಿದ್ದು, ಸಂಜೆಯ ಬಸ್ಸಿನಲ್ಲಿ ಮತ್ತೆ ಹೊತ್ತಿಕೊಂಡು ಅವನನ್ನು ಮಡಿಚಿ ಹಾಕುತ್ತಿತ್ತು. ಜನ ಅದನ್ನು ಭಾಗ್ಯ ಎಂದುಕೊಂಡಿದ್ದರು, ಅವನೂ ಅಂದುಕೊಂಡಿದ್ದ. ಈಗ ಒಳಕ್ಕೆ ಕಿವಿಗೊಟ್ಟ. ಉರಿಯಿಲ್ಲ. ಹಸಿವಿಲ್ಲ. ಏನನ್ನೂ ಯಾರೂ ಕೇಳುತ್ತಿರಲಿಲ್ಲ. ಗೋಲಿಯಷ್ಟು ಗೋಲಿಯಷ್ಟು ತುತ್ತು ಒಳಗೆ ಬೆಚ್ಚಗೆ ಕೂತಿತ್ತು, ಇಷ್ಟು ಸಾಕಪ್ಪಾ ಎಂದು. ಅಯ್ಯೋ, ಇದೇನಾ ಅದು? ಇಷ್ಟು ದಿನ ಇದರ ಹೆಸರು ಹೇಳಿಕೊಂಡು ತಿರುಗಿದೆನಲ್ಲ, ಇದು ಇಷ್ಟು ಸಣ್ಣದೇ?

“ತೃಪ್ತಾಃ ಸ್ಮಃ,” ಎಂದ.

ಯೋಗಾನರಸಿಂಹ ಎಲೆಯನ್ನು ನೋಡಿದ, ಅವನನ್ನು ನೋಡಿದ. ಮಂತ್ರ ಮರೆತು ಬರಿ ಕನ್ನಡದಲ್ಲಿ ಕೇಳಿದ: “ನಿಜವಾಗ್ಲೂ? ಎಲೆ ತುಂಬ ಹಾಗೇ ಇದೆಯಲ್ಲ. ಹೊಟ್ಟೆ ತುಂಬಿತೇ?”

“ತುಂಬಿತು ಕಣಪ್ಪಾ,” ಎಂದ ಚಲುವನಾರಾಯಣ. “ನನ್ನಾಣೆ, ತುಂಬಿತು.”

ಯೋಗಾನರಸಿಂಹ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ತಾಯಿಯನ್ನು ಏಕವಚನದಲ್ಲಿ ಕರೆಯುವ ಮಗನ ಹಾಗೆ, “ನೀನು ಯಾವತ್ತು ಜಾಸ್ತಿ ತಿಂದಿದ್ದೆ,” ಎಂದು ತನಗೆ ತಾನೇ ಅಂದುಕೊಂಡು ಮುಂಗೈಯಿಂದ ಕಣ್ಣೊರೆಸಿದ. “ಎಲ್ಲಾರದ್ದೂ ಆದ ಮೇಲೆ ಪಾತ್ರೆ ತಳ ಬಳಿದುಕೊಂಡು, ಅಲ್ಲೇ ಒಲೆ ಮುಂದೆ, ಒಬ್ಬಳೇ.”

ಹೌದು, ಚಲುವನಾರಾಯಣನೂ ಕಂಡಿದ್ದ. ಅವಳು ಬದುಕಿದ್ದಾಗ ಇದೇ ಮನೆಯಲ್ಲಿ ಅವಳ ಗಂಡನ ತಿಥಿಯಲ್ಲಿ ಉಂಡು, ಕೈತೊಳೆಯಲು ಹಿತ್ತಲಿಗೆ ಹೋಗಿ, ಮಾತಾಡುತ್ತಾ ಹೊತ್ತು ಕಳೆದು ಬರುವಾಗ, ಹೊಗೆ ಆರಿದ ಅಡುಗೆಮನೆಯಲ್ಲಿ ಶ್ರೀರಂಗಮ್ಮ ಗೋಡೆಗೆ ಮುಖ ಮಾಡಿ ಕೂತು ಆರಿದ ಅನ್ನಕ್ಕೆ ಮಜ್ಜಿಗೆ ಸುರಿದುಕೊಳ್ಳುತ್ತಿದ್ದಳು. ತೇಗುತ್ತಾ ದಾಟಿ ಹೋಗಿದ್ದ. ನೋಡಿದ್ದೇನೋ ಹೌದು, ಕಂಡದ್ದು ಇವತ್ತು.

ಜೋಯಿಸರು ಕೆಮ್ಮಿ ಮುಂದಿನ ಮಾತನ್ನು ನೆನಪು ಮಾಡಿಕೊಟ್ಟರು. ಯೋಗಾನರಸಿಂಹ ಕೈಮುಗಿದು, ಉಳಿದ ಅನ್ನವನ್ನು ಏನು ಮಾಡಲಿ ಎಂದು ಸಂಸ್ಕೃತದಲ್ಲಿ ಕೇಳಿದ: “ಅನ್ನಶೇಷಃ ಕಿಂ ಕ್ರಿಯತಾಮ್?” ಉತ್ತರ ಗೊತ್ತಿದ್ದದ್ದೇ. “ಇಷ್ಟೈಃ ಸಹ ಭುಜ್ಯತಾಮ್,” ಎಂದ ಚಲುವನಾರಾಯಣ. ಬೇಕಾದವರೊಡನೆ ಕೂಡಿ ಉಣ್ಣು ಎಂದು. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಆದರೆ ಅಡುಗೆಮನೆಯ ಬಾಗಿಲಲ್ಲಿ ನಂಜಮ್ಮ ನಿಂತಿದ್ದಳು, ನಸುಕಿನಿಂದ ಒಂದು ಗುಟುಕು ನೀರಿಲ್ಲದೆ ತುಟಿ ಒಣಗಿ ಬಿಳಿಯಾಗಿತ್ತು, ಎಲೆಯಲ್ಲಿ ಉಳಿದದ್ದನ್ನು ನೋಡಿ ಅಡುಗೆಯಲ್ಲೇ ಏನೋ ತಪ್ಪಾಯಿತೇನೋ ಎಂದು ಹೆದರಿದ್ದಳು.

“ಅಡುಗೆ ಅಮೃತವಾಗಿತ್ತು ಕಣಮ್ಮಾ,” ಎಂದ ಅವಳಿಗೆ. ಆಮೇಲೆ ಯೋಗಾನರಸಿಂಹನಿಗೆ, “ಬಿಸಿ ಆರೋದರೊಳಗೆ ಕೂತ್ಕೊಂಡು ಉಣ್ರಪ್ಪ. ಅವಳನ್ನ ಕಡೆಗೆ ಬಿಡಬೇಡ.”

“ಅದು ಪ್ರಯೋಗದಲ್ಲಿಲ್ಲ ಕಣಯ್ಯಾ,” ಎಂದರು ಜೋಯಿಸರು, ಶ್ರಾದ್ಧಪ್ರಯೋಗದ ಪುಸ್ತಕದಿಂದ ತಲೆಯೆತ್ತಿ.

“ಅಮ್ಮ ಹೇಳಿದ್ದು ಜೋಯಿಸರೇ,” ಎಂದ ಯೋಗಾನರಸಿಂಹ. ಅಡುಗೆಮನೆಯ ಕಡೆ ತಿರುಗಿದ. “ನಂಜೂ, ಪಿಂಡ ಮುಗಿದ ಕೂಡಲೇ ಎಲೆ ಹಾಕು. ನಿನ್ನದೂ ಹಾಕು, ನನ್ನ ಪಕ್ಕಕ್ಕೆ.”